ಮೈಲವ್ವ ಸಿಸ್ಟರ್ ಎಣಿಸಿದ ಉಸಿರು

ಫೆಬ್ರವರಿಯಲ್ಲಿ ಬ್ಯಾಡಗಿಯ ರೈಲು ನಿಲ್ದಾಣದಲ್ಲಿ ನಿಂತವರಿಗೆ ‘ಆಳವಾಗಿ ಉಸಿರೆಳೆದುಕೊಳ್ಳಿ’ ಎಂದು ಹೇಳುವವರು ಆ ಊರಿನವರಾಗಿರಲು ಸಾಧ್ಯವಿಲ್ಲ. ಅದು ಮಾರುಕಟ್ಟೆಗೆ ಒಣಮೆಣಸಿನಕಾಯಿ ಬರುವ ಕಾಲ. ಯಾರ್ಡಿನ ಕಡೆಯಿಂದ ಗಾಳಿ ಬೀಸಿದರೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಜನ ಸಾಲಾಗಿ ಕೆಮ್ಮುತ್ತಾರೆ. ಊರವರು ಸೆರಗನ್ನೋ ಟವೆಲ್ಲನ್ನೋ ಮೂಗಿಗೆ ಹಿಡಿದು ಅರ್ಧ ಉಸಿರಿನಲ್ಲೇ ಮಾತು ಮುಗಿಸುವುದನ್ನು ಎಂದೋ ಕಲಿತುಬಿಟ್ಟಿದ್ದಾರೆ.

ಆ ಮಾತು ಹೇಳಿದ್ದು ಮೈಲವ್ವನ ಮೊಬೈಲಿನೊಳಗಿದ್ದ ಒಬ್ಬ ಹೆಣ್ಣುಮಗಳು. ದನಿ ಮೆತ್ತಗಿತ್ತು, ಹಿಂದೆಲ್ಲೋ ನೀರು ಹರಿಯುವ ಸದ್ದಿತ್ತು. ಮೈಲವ್ವ ಹೇಳಿದಂತೆ ಮಾಡಿದಳು. ಮರುಗಳಿಗೆಗೆ ಕಣ್ಣು, ಮೂಗು ಎರಡರಲ್ಲೂ ನೀರಿಳಿದು, ಕೆಮ್ಮು ನಿಲ್ಲಲಾರದೆ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟಳು. ಪಕ್ಕದಲ್ಲಿದ್ದ ಮುದುಕ ನೀರಿನ ಬಾಟಲಿ ಚಾಚಿದ.

“ಮುಂಜಮುಂಜಾನೆ ಯಾಕವ್ವ ಅಷ್ಟ ಜೋರ್ ಉಸಿರು ಎಳಕೊಂತಿ?”

“ದವಾಖಾನ್ಯಾಗ ಎಳಕೋ ಅಂತ ಹೇಳ್ಯಾರ್ರಿ, ಕಾಕಾ.”

“ಅವರೇನ್ ಈ ಊರಾಗ ಅದಾರೇನು? ಹೇಳ್ತಾರ, ಹೋಗ್ತಾರ.”

ಮೈಲವ್ವ ನಕ್ಕಳು. ದವಾಖಾನೆಯವರೆಂದರೆ ಅವಳೂ ಒಬ್ಬಳು. ವಯಸ್ಸು ನಲವತ್ಮೂರು. ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹುಟ್ಟಿದ್ದು ದೇವರಗುಡ್ಡದಲ್ಲಿ, ಅಲ್ಲಿನ ದೇವರ ಹೆಸರನ್ನೇ ಇಟ್ಟದ್ದರಿಂದ ಹೆಸರು ಹೇಳಿದ ಕೂಡಲೇ ಜನ ಊರು ಯಾವುದೆಂದು ತಾವೇ ಹೇಳುತ್ತಾರೆ. ಹಾವೇರಿಯಲ್ಲಿ ಮೂರು ವರ್ಷ ನರ್ಸಿಂಗ್ ಓದಿ, ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಯಂತ್ರ ನೋಡಿಕೊಳ್ಳುವ ಪುಂಡಲೀಕನನ್ನು ಮದುವೆಯಾಗಿ, ಇಪ್ಪತ್ತೊಂದು ವರ್ಷದಿಂದ ಅದೇ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅದೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು.

ಇನ್ನು ಹೆಚ್ಚು ದಿನ ಹೋಗುವುದು ಬೇಡ ಎಂದು ಅವಳಿಗೆ ಅನ್ನಿಸತೊಡಗಿ ಮೂರು ತಿಂಗಳಾಗಿತ್ತು. ಅದಕ್ಕೊಂದು ದಿನವಿತ್ತು. ಆರನೇ ಬೆಡ್ಡಿನ ಅಜ್ಜಿ ಒಂದು ಬೆಳಗ್ಗೆ ತೀರಿಕೊಂಡಳು. ಹತ್ತು ದಿನ ಇದ್ದವಳು, ಮೈಲವ್ವನನ್ನು ‘ನನ್ನ ಮಗಳ’ ಎಂದೇ ಕರೆಯುತ್ತಿದ್ದವಳು. ಅವಳ ಕಣ್ಣು ಮುಚ್ಚಿ, ಹೊದಿಕೆ ಸರಿಮಾಡುವಾಗ ಮೈಲವ್ವನ ತಲೆಯಲ್ಲಿ ಮೊದಲು ಬಂದದ್ದು ‘ಇವತ್ತು ಹದಿನೇಳ ಚಾರ್ಟು, ಒಂದು ಕಡಿಮಿ ಆತು’ ಎಂಬ ಲೆಕ್ಕ. ಅಳು ಬರಲಿಲ್ಲ. ಆ ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಆ ಯೋಚನೆ ತಿರುಗಿ ನೆನಪಾಯಿತು, ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು. ಸತ್ತವರನ್ನು ಅವಳು ನೂರಾರು ಸಲ ನೋಡಿದ್ದಳು. ಹೆದರಿಕೆಯಾದದ್ದು ತನ್ನನ್ನು ನೋಡಿ.

ಆಮೇಲೆ ಸಣ್ಣಸಣ್ಣವು. ಮನೆಯಲ್ಲಿ ಕುಕ್ಕರಿನ ಸೀಟಿ ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ಲಿನ ಗಂಟೆ ಬಾರಿಸಿದರೆ ಬೆಡ್ಡಿನ ಕರೆಗಂಟೆ ಎಂದು ಎದ್ದು ನಿಲ್ಲುತ್ತಿದ್ದಳು. ಪುಂಡಲೀಕ ಹೆಚ್ಚು ಮಾತಿನವನಲ್ಲ. ಅವನು ನೋಡಿದ, ಯಾರನ್ನೋ ಕೇಳಿದ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ ಹುಡುಕಿಕೊಂಡು ಬಂದ.

ಮೈಲವ್ವ ಹೋಗಿ ನೋಡಿ ಬಂದಳು. ತಣ್ಣನೆಯ ಕೋಣೆ. ಒದ್ದೆ ಕಾಗದದ ಮೇಲೆ ನೂರು ನೂರರಂತೆ ಸಾಲಾಗಿಟ್ಟ ಬೀಜಗಳು. ಇಷ್ಟು ದಿನಕ್ಕೆ ಎಷ್ಟು ಮೊಳೆತವೆಂದು ಎಣಿಸಿ ಬರೆಯುವುದು ಕೆಲಸ. ಗಂಟೆ ಇಲ್ಲ, ನರಳಾಟ ಇಲ್ಲ. ತೋರಿಸಿದ ಮೇಲ್ವಿಚಾರಕ ಹೆಮ್ಮೆಯಿಂದ, “ಇಲ್ಲಿ ಸೂಜಿ ಬಿದ್ರೂ ಕೇಳಸ್ತೈತ್ರಿ, ಸಿಸ್ಟರ್” ಎಂದಿದ್ದ. ಹೂಂ ಎನ್ನಲು ಒಂದು ಸೋಮವಾರದ ಗಡುವು ಕೊಟ್ಟಿದ್ದ.

ಇನ್ನು ಆ ಮೊಬೈಲಿನ ದನಿಯ ಸಂಗತಿ. ಜನವರಿಯಲ್ಲಿ ಒಂದು ನರ್ಸಿಂಗ್ ಕಾಲೇಜಿನವರು ಆಸ್ಪತ್ರೆಗೆ ಬಂದಿದ್ದರು. ನರ್ಸುಗಳ ದಣಿವು, ಒತ್ತಡ ಇವುಗಳ ಬಗ್ಗೆ ಅಧ್ಯಯನ. ಇಪ್ಪತ್ತೆರಡು ನರ್ಸುಗಳ ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಟ್ಟರು. ದಿನಕ್ಕೆ ಹತ್ತು ನಿಮಿಷ, ಎಂಟು ವಾರ. ಶುರುವಿನಲ್ಲೊಂದು, ಕೊನೆಗೊಂದು ಪ್ರಶ್ನಾವಳಿ. ‘ಕೆಲಸದಿಂದ ಬರಿದಾದಂತೆ ಅನ್ನಿಸುತ್ತದೆಯೇ?’ ಎಂಬ ಪ್ರಶ್ನೆಗೆ ಇಪ್ಪತ್ತೆರಡು ಜನರೂ ‘ಇಲ್ಲ’ಕ್ಕೆ ಟಿಕ್ ಹಾಕಿದರು. ಕಾಗದ ಮ್ಯಾನೇಜ್‌ಮೆಂಟಿನವರ ಕೈಗೆ ಹೋಗುವುದಿಲ್ಲವೆಂದು ಕಾಲೇಜಿನವರು ಹೇಳಿದ್ದನ್ನು ಯಾರೂ ನಂಬಿರಲಿಲ್ಲ.

ಯಾರು ಎಷ್ಟು ದಿನ ಅಭ್ಯಾಸ ಮಾಡಿದರೆಂಬುದು ಆ್ಯಪಿನಲ್ಲಿ ತಾನಾಗಿ ದಾಖಲಾಗುತ್ತಿತ್ತು. ಮೊದಲ ವಾರ ಮೈಲವ್ವ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಾಗೆ ಕೆಮ್ಮುತ್ತ ಪ್ರಯತ್ನಿಸಿದ್ದುಂಟು. ಎರಡನೇ ವಾರ ತರನ್ನುಮ ದಾರಿ ಕಂಡುಹಿಡಿದಳು. ಅವಳು ಇಪ್ಪತ್ನಾಲ್ಕರ ಹುಡುಗಿ, ಮೈಲವ್ವನ ಜೊತೆ ಅದೇ ವಾರ್ಡಿನಲ್ಲಿ ಪಾಳಿ ಮಾಡುವವಳು. ನರ್ಸುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಸ್ಟೀಲ್ ಟ್ರೇ ಇಟ್ಟು, ಡ್ಯೂಟಿಗೆ ಬಂದವರ ಮೊಬೈಲುಗಳನ್ನೆಲ್ಲ ಅದರಲ್ಲಿ ಪೇರಿಸಿ, ಒಂದೊಂದರಲ್ಲೂ ಆ್ಯಪ್ ಒತ್ತಿ ಬಾಗಿಲು ಮುಂದೆ ಮಾಡಿ ಬರುತ್ತಿದ್ದಳು. ಒಳಗೆ ಐದು ಮೊಬೈಲು ಒಂದಕ್ಕೊಂದು ಹಿಂದುಮುಂದಾಗಿ ‘ಉಸಿರನ್ನು ಗಮನಿಸಿ... ಗಮನಿಸಿ... ಸಿರನ್ನು...’ ಎನ್ನುತ್ತಿದ್ದವು. ಹೊರಗೆ ನರ್ಸುಗಳು ಓಡಾಡುತ್ತಿದ್ದರು.

“ಮೈಲಕ್ಕಾ,” ಎಂದಿದ್ದಳು ತರನ್ನುಮ, “ನಮಗಂತೂ ಉಸಿರಾಡಾಕ ಟೈಮ್ ಇಲ್ಲ. ಮೊಬೈಲರ ಆರಾಮ ಉಸಿರಾಡ್ಲಿ ಬಿಡ್ರಿ.”

“ಸುಚಿತ್ರಾ ಮೇಡಂ ನೋಡಿದ್ರ?” ಮೈಲವ್ವನ ಕಣ್ಣು ನರ್ಸಿಂಗ್ ಸೂಪರಿಂಟೆಂಡೆಂಟರ ಕೋಣೆಯ ಕಡೆ ಹೋಯಿತು.

“ನೋಡಿದ್ರ ಅವರ ಮೊಬೈಲೂ ಇಡಾಕ ಹೇಳೂಣಂತ. ಟ್ರೇದಾಗ ಜಾಗ ಐತಿ.”

ಹೀಗೆ ಐದು ವಾರ ಕಳೆದವು. ಆ್ಯಪಿನ ಪ್ರಕಾರ ಆ ಆಸ್ಪತ್ರೆಯ ನರ್ಸುಗಳಷ್ಟು ಶಾಂತಚಿತ್ತರು ಜಿಲ್ಲೆಯಲ್ಲೇ ಇರಲಿಲ್ಲ.

ಆರನೇ ವಾರದ ಗುರುವಾರ, ಗಡುವಿನ ಸೋಮವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ, ಗಾಡಿ ದೇವರಗುಡ್ಡದ ನಿಲ್ದಾಣದಲ್ಲಿ ನಿಂತುಬಿಟ್ಟಿತು; ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕಿತ್ತು. ಇಲ್ಲಿ ಮೆಣಸಿನಕಾಯಿಯ ಘಾಟಿಲ್ಲ. ಕಿಟಕಿಯಾಚೆ ಗುಡ್ಡದ ಮೇಲೆ ಬಿಸಿಲು ಆಗತಾನೇ ಬೀಳುತ್ತಿತ್ತು. ಮೈಲವ್ವನ ಮೊಬೈಲು ಅಭ್ಯಾಸದ ಸಮಯವಾಯಿತೆಂದು ಟಿಣಿಗುಟ್ಟಿತು. ಅದರ ಬಾಯಿ ಮುಚ್ಚಿಸಲೆಂದು ಎಲ್ಲೋ ಒತ್ತಿದಳು. ಕಿವಿಯಲ್ಲಿದ್ದ ಇಯರ್‌ಫೋನಿನಲ್ಲಿ ಆ ಹೆಣ್ಣುಮಗಳು ಮಾತು ಶುರುಮಾಡಿದಳು.

“ಇಂದು ಉಸಿರನ್ನು ಬದಲಿಸಲು ಹೋಗಬೇಡಿ. ಹೇಗಿದೆಯೋ ಹಾಗೇ ಇರಲಿ. ಒಂದು ನಿಮಿಷ, ಸುಮ್ಮನೆ ಎಣಿಸಿ.”

ಅಷ್ಟು ಹೇಳಿದ್ದೇ ತಡ, ಮೈಲವ್ವನ ಎಡಗೈ ತಾನಾಗಿ ಮೇಲೆದ್ದು ಗಡಿಯಾರ ಕಣ್ಣಿನ ಮುಂದೆ ಬಂತು. ಸೆಕೆಂಡಿನ ಮುಳ್ಳು ಹನ್ನೆರಡರ ಮೇಲೆ ಬರುವುದನ್ನು ಕಾದಳು. ಎಣಿಸಿದಳು. ಮುಳ್ಳು ಒಂದು ಸುತ್ತು ಮುಗಿಸಿದಾಗ ಇಪ್ಪತ್ತಾರು ಆಗಿತ್ತು.

ಅವಳು ಕುಳಿತಿದ್ದಳು. ಓಡಿರಲಿಲ್ಲ, ಮೆಟ್ಟಿಲು ಹತ್ತಿರಲಿಲ್ಲ. ಸುಮ್ಮನೆ ಕುಳಿತ ಆರೋಗ್ಯವಂತರ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಎಂದು ಮೊದಲ ವರ್ಷದ ಪಾಠದಲ್ಲೇ ಇದೆ. ‘ಇಪ್ಪತ್ತಾರು ಇದ್ದ ಪೇಷಂಟನ್ನ ನಾನು ಡಾಕ್ಟರಿಗೆ ತೋರಸ್ತಿದ್ದೆ’ ಎಂದುಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ತೋರಿಸುತ್ತಿದ್ದಳೇ? ಕೊನೆಯ ಸಲ ಪೇಷಂಟೊಬ್ಬರ ಉಸಿರು ಎಣಿಸಿದ್ದು ಯಾವಾಗ?

ನೆನಪಾಗಲಿಲ್ಲ. ನೆನಪಾದದ್ದು ಹಾವೇರಿಯ ಕುಲ್ಸುಮಬಿ ಟೀಚರ್.

ಕುಲ್ಸುಮಬಿ ಟೀಚರ್ ನರ್ಸಿಂಗ್ ಶಾಲೆಯಲ್ಲಿ ಉಸಿರೆಣಿಸುವುದನ್ನು ಒಂದು ವಾರ ಕಲಿಸಿದ್ದರು. ಎಣಿಸುವುದಕ್ಕೆ ವಾರ ಯಾಕೆಂದು ಹುಡುಗಿಯರು ನಕ್ಕಿದ್ದರು. ಟೀಚರ್ ಒಬ್ಬಳನ್ನು ಮುಂದೆ ಕೂರಿಸಿ, “ಈಗ ನಿನ್ನ ಉಸಿರು ಎಣಸ್ತೇನಿ” ಎಂದಾಗ ಆ ಹುಡುಗಿ ಕೊಡ ಹೊತ್ತವಳಂತೆ ಬಿಗಿದು ಕುಳಿತು, ಎದೆ ಸೆಟೆಸಿ ಉಸಿರಾಡತೊಡಗಿದಳು. “ನೋಡಿದ್ರೇನು? ಎಣಸ್ತೇನಿ ಅಂದ ಕೂಡ್ಲೆ ಉಸಿರು ಬದಲಾತು. ಅದಕ್ಕ ಪೇಷಂಟಿಗೆ ಹೇಳಬಾರ್ದು. ಕೈ ಹಿಡೀರಿ. ನಾಡಿ ನೋಡಾಕತ್ತೇನಿ ಅನ್ರಿ. ಒಂದು ನಿಮಿಷ ನಾಡಿ ಎಣಸ್ರಿ. ಕೈ ಬಿಡಬ್ಯಾಡ್ರಿ. ಇನ್ನೊಂದು ನಿಮಿಷ ಹಂಗ ಕೈ ಹಿಡಕೊಂಡು ಎದಿ ನೋಡ್ರಿ, ಉಸಿರು ಎಣಸ್ರಿ. ನಿಮ್ಮ ಸರ್ವೀಸಿನ್ಯಾಗ ಹೇಳಬಹುದಾದ ಸುಳ್ಳು ಇದೊಂದ.”

ಮೈಲವ್ವ ಎಷ್ಟೋ ವರ್ಷ ಹಾಗೇ ಮಾಡಿದ್ದಳು. ಆಮೇಲೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಬಂತು. ನಾಡಿಯನ್ನೂ ಆಮ್ಲಜನಕವನ್ನೂ ಅದೇ ಹೇಳಿತು. ಕೈ ಹಿಡಿಯುವ ಕೆಲಸ ತಪ್ಪಿತು. ಕೊರೊನಾ ಕಾಲದಲ್ಲಂತೂ ಯಾರ ಕೈಯನ್ನೂ ಯಾರೂ ಹಿಡಿಯಲಿಲ್ಲ. ಉಸಿರಿನ ಕಾಲಂ ಮಾತ್ರ ಚಾರ್ಟಿನಲ್ಲಿ ಉಳಿಯಿತು. ಖಾಲಿ ಬಿಟ್ಟರೆ ತಪ್ಪು, ಎಣಿಸಲು ಹೊತ್ತಿಲ್ಲ. ಹದಿನೆಂಟು ಬೆಡ್ಡಿಗೆ ಪಾಳಿಯಲ್ಲಿ ಇಬ್ಬರು, ಅದರಲ್ಲೂ ಒಬ್ಬರನ್ನು ಆಪರೇಷನ್ ಥಿಯೇಟರಿಗೆ ಕರೆದರೆ ಒಬ್ಬರೇ. ಹಾಗಾಗಿ ಎಲ್ಲರಿಗೂ ಇಪ್ಪತ್ತು. ಮುದುಕರಿಗೆ ಇಪ್ಪತ್ತು, ಬಾಣಂತಿಗೆ ಇಪ್ಪತ್ತು, ಗೊರಕೆ ಹೊಡೆಯುವವನಿಗೂ ಇಪ್ಪತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತರನ್ನುಮ ಕೆಲಸಕ್ಕೆ ಸೇರಿದ ಮೂರನೇ ದಿನವೇ ತಾನಾಗಿ ಇಪ್ಪತ್ತು ಬರೆಯತೊಡಗಿದ್ದಳು.

ಟ್ರೇಯಲ್ಲಿ ತಮ್ಮಷ್ಟಕ್ಕೆ ತಾವೇ ಉಸಿರಾಡುವ ಮೊಬೈಲುಗಳು, ಚಾರ್ಟಿನಲ್ಲಿ ತಮ್ಮಷ್ಟಕ್ಕೆ ತಾವೇ ಉಸಿರಾಡುವ ಪೇಷಂಟುಗಳು. ಎಕ್ಸ್‌ಪ್ರೆಸ್ ಧಡಧಡನೆ ದಾಟಿಹೋಯಿತು. ಗಾಡಿ ಹೊರಟಿತು. ಮೈಲವ್ವ ರಾಣೆಬೆನ್ನೂರು ಬರುವವರೆಗೆ ಇಯರ್‌ಫೋನ್ ತೆಗೆಯದೆ ಕುಳಿತಿದ್ದಳು. ಅದು ಎಂದೋ ಸುಮ್ಮನಾಗಿತ್ತು.

ಅಂದು ವಾರ್ಡಿಗೆ ಹೋದವಳು ಹನ್ನೊಂದನೇ ಬೆಡ್ಡಿನ ಚಾರ್ಟು ಎತ್ತಿಕೊಂಡಳು. ಹೊಳಿಯಪ್ಪ, ಐವತ್ತೆಂಟು ವರ್ಷ, ಬ್ಯಾಡಗಿ ಯಾರ್ಡಿನ ಹಮಾಲ. ಲಾರಿಯಿಂದ ಚೀಲದ ಜೊತೆ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಆಗಿ ಮೂರು ದಿನ. ಉಸಿರಿನ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಮೂರು ಬೇರೆ ಬೇರೆ ಕೈಬರಹ, ಒಂದೇ ಅಂಕಿ. ಬುಧವಾರದ್ದು ಅವಳದೇ.

ಹೊಳಿಯಪ್ಪ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ. ಹೆಂಡತಿ ಭರಮವ್ವ ಸ್ಟೂಲಿನ ಮೇಲೆ ಕುಳಿತು ಗಂಜಿ ಆರಿಸುತ್ತಿದ್ದಳು. ಮೈಲವ್ವ ಅವನ ಮಣಿಕಟ್ಟು ಹಿಡಿದಳು.

“ಕ್ಲಿಪ್ ಹಚ್ಚೂದಿಲ್ಲೇನ್ರಿ ಇವತ್ತ?” ಎಂದ ಅವನು, ಕಣ್ಣು ತೆರೆಯದೆ. ಒಂದು ವಾಕ್ಯಕ್ಕೆ ಎರಡು ಸಲ ನಿಂತ.

“ಹಚ್ತೇನಿ. ಮೊದಲ ಕೈಲೆ ನಾಡಿ ನೋಡ್ತೇನಿ.”

ಅಂಗೈ ಹಲಗೆಯಷ್ಟು ಗಟ್ಟಿಯಾಗಿತ್ತು. ಚೀಲದ ಕೊಕ್ಕೆ ಹಿಡಿದು ಹಿಡಿದು ಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಎಷ್ಟು ದಿನವಾಗಿತ್ತು ಹೀಗೊಂದು ಕೈ ಹಿಡಿದು ನಿಂತು! ನಾಡಿ ನೂರಾ ಹತ್ತು. ಕೈ ಬಿಡದೆ ಎದೆ ನೋಡಿದಳು. ಹೊದಿಕೆ ಗಿಡ್ಡಗಿಡ್ಡವಾಗಿ ಏರಿಳಿಯುತ್ತಿತ್ತು. ಮೂವತ್ತೊಂದು. ನಂಬದೆ ಮತ್ತೊಂದು ನಿಮಿಷ ಎಣಿಸಿದಳು. ಮೂವತ್ತೆರಡು.

“ದಮ್ಮು ಹತ್ತಿದಂಗ ಆಗ್ತೈತೇನು, ಹೊಳಿಯಪ್ಪಣ್ಣ?”

ಉತ್ತರ ಕೊಟ್ಟದ್ದು ಭರಮವ್ವ. “ಅದು ಮೆಣಸಿನಕಾಯಿ ದಮ್ಮರಿ, ಸಿಸ್ಟರ್. ಸೀಜನ್ನಿನ್ಯಾಗ ನಮ್ಮ ಓಣಿ ಮಂದಿಗೆಲ್ಲ ಹಿಂಗ. ಯುಗಾದಿಗೆ ತಾನ ಹೋಗತೈತಿ.”

ಮೈಲವ್ವನಿಗೆ ಹೌದೆನಿಸಿತು. ಅವಳೂ ಅದೇ ಊರಿನವಳು. ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ದಿನದಿಂದ ವಾರ್ಡಿನವರೆಲ್ಲ ಹಿಡಿಯದೆ ಬಿಟ್ಟದ್ದೂ ಹಾಗೆಯೇ. ಆದರೆ ಅವನು ಯಾರ್ಡಿಗೆ ಹೋಗದೆ ಐದು ದಿನವಾಗಿತ್ತು.

ಮೂಳೆಯ ಡಾಕ್ಟರು ಯುವರಾಜ ಆಗ ಹೊರರೋಗಿಗಳನ್ನು ನೋಡುತ್ತಿದ್ದರು. ಮೈಲವ್ವ ವಾರ್ಡಿನ ಫೋನಿನಿಂದ ಕರೆದಳು.

“ಸರ್, ಹನ್ನೊಂದನೇ ಬೆಡ್ಡಿಂದು ಉಸಿರು ಮೂವತ್ತೆರಡು ಐತ್ರಿ.”

“ಮುಂಜಾನೆ ಆರಕ್ಕ ಎಷ್ಟಿತ್ತು?”

“ಚಾರ್ಟಿನ್ಯಾಗ ಇಪ್ಪತ್ತೈತ್ರಿ.”

“ಜ್ವರ? ಆಕ್ಸಿಜನ್?”

“ಜ್ವರ ತೊಂಬತ್ತೊಂಬತ್ತು. ಆಕ್ಸಿಜನ್ ತೊಂಬತ್ಮೂರು.”

“ಆಪರೇಷನ್ ಆದ ಮ್ಯಾಲೆ ಅಷ್ಟು ಜ್ವರ ಇರತೈತಿ. ಬೀಡಿ ಸೇದಾವಂಗ ಆಕ್ಸಿಜನ್ ಅಷ್ಟ ಇರತೈತಿ. ಎರಡೂವರೆ ತಾಸಿನ ಹಿಂದ ಇಪ್ಪತ್ತಿತ್ತು ಅಂದ್ರ ಇದು ನೋವಿಂದ ಏರಿರಬೇಕು. ನೋವಿನ ಇಂಜೆಕ್ಷನ್ ಕೊಡ್ರಿ. ಓಪಿಡಿ ಮುಗಿಸಿ ಒಂದಕ್ಕ ಬರ್ತೇನಿ.”

ಡಾಕ್ಟರು ಹೇಳಿದ್ದು ಚಾರ್ಟಿನ ಪ್ರಕಾರ ಸರಿಯಾಗಿತ್ತು. ಚಾರ್ಟು ಸರಿಯಿರಲಿಲ್ಲ. ಹೂಂ ಎಂದು ಫೋನ್ ಇಡಬಹುದಿತ್ತು. ಸೋಮವಾರ ಹೂಂ ಎಂದು ಬೀಜ ಎಣಿಸಲು ಹೋಗುವವಳಿಗೆ ಇದೆಲ್ಲ ಯಾಕೆ? ಇಪ್ಪತ್ತೊಂದು ವರ್ಷದ ಒಳ್ಳೆಯ ಹೆಸರು ಇಟ್ಟುಕೊಂಡೇ ಹೋಗಬಹುದಿತ್ತು. ಮೈಲವ್ವ ರಿಸೀವರನ್ನು ಇನ್ನೊಂದು ಕೈಗೆ ಬದಲಿಸಿದಳು.

“ಸರ್, ಆ ಇಪ್ಪತ್ತು ಖರೇ ಅಲ್ರಿ.”

“ಅಂದ್ರ?”

“ಎಣಿಸಿದ್ದಲ್ರಿ. ನಿನ್ನೆದು ನಾನ ಬರದೇನಿ. ಮೂರು ದಿನದಿಂದ ಅವರ ಉಸಿರು ಯಾರೂ ಎಣಿಸಿಲ್ರಿ. ಯಾವಾಗಿಂದ ಏರೈತಿ ಅನ್ನೂದು ನಮಗ ಯಾರಿಗೂ ಗೊತ್ತಿಲ್ಲ.”

ಫೋನಿನಲ್ಲಿ ಯಾವುದೋ ಕೂಸು ಅಳುವುದು ಕೇಳಿಸಿತು. ಆಮೇಲೆ ಡಾಕ್ಟರ ದನಿ: “ಬಂದೆ.”

ಎಕ್ಸ್‌ರೇಯಲ್ಲಿ ಬಲಶ್ವಾಸಕೋಶದ ತಳಭಾಗ ಬೆಳ್ಳಗೆ ಕಂಡಿತು. ನ್ಯುಮೋನಿಯಾ. ಮಲಗಿದಲ್ಲೇ ಮಲಗಿ, ನೋವಿಗೆ ಹೆದರಿ ಗಿಡ್ಡ ಉಸಿರು ತೆಗೆದು ತೆಗೆದು, ಕಫ ಕೆಳಗೆ ಕಟ್ಟಿತ್ತು. ಔಷಧಿ ಬದಲಾಯಿತು, ಆಮ್ಲಜನಕ ಹಚ್ಚಿದರು, ಬೆನ್ನಿಗೆ ದಿಂಬು ಆನಿಸಿ ಕೂರಿಸಿದರು. ಇನ್ನೊಂದು ದಿನ ಹೀಗೇ ಹೋಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೇಳಲಿಲ್ಲ. ಮೈಲವ್ವ ಕೇಳಲಿಲ್ಲ.

ಸಂಗತಿ ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ತರನ್ನುಮ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

“ಮೂವತ್ತೆರಡು ಅಂತ ಹೇಳಿದ್ರ ಸಾಕಿತ್ತಲ್ಲ, ಅಕ್ಕಾ? ಉಳಿದದ್ದು ಯಾಕ ಹೇಳಾಕ ಹೋದ್ರಿ? ನಿಮಗೇನು, ಬೀಜದ ಕಂಪನ್ಯಾಗ ಖುರ್ಚಿ ಐತಿ. ನಮಗ?”

“ನಿನ್ನ ಹೆಸರು ನಾ ಹೇಳಿಲ್ಲ, ಹುಡುಗಿ.”

“ಹೇಳೂದ್ಯಾಕ, ಚಾರ್ಟಿನ್ಯಾಗ ನನ್ನ ಸಹಿ ಇಲ್ಲೇನು?”

ಟ್ರೇಯಲ್ಲಿ ಮೊಬೈಲುಗಳು ಆಗತಾನೇ ಅಭ್ಯಾಸ ಮುಗಿಸಿ, ‘ನಿಮ್ಮ ದಿನ ಶುಭವಾಗಿರಲಿ’ ಎಂದು ಒಂದಾದ ಮೇಲೊಂದು ಹೇಳಿದವು. ತರನ್ನುಮ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ತನ್ನ ಮೊಬೈಲು ಎತ್ತಿಕೊಂಡು ಹೋದಳು.

ಶುಕ್ರವಾರ ಬೆಳಗ್ಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಸುಚಿತ್ರಾ ಮೇಡಂ ಕರೆಸಿದರು. ಐವತ್ತೈದು ದಾಟಿದವರು, ಇಸ್ತ್ರಿ ಮುರಿಯದ ಸೀರೆ, ನರ್ಸುಗಳು ಅವರ ಚಪ್ಪಲಿಯ ಸದ್ದಿಗೇ ಎದ್ದು ನಿಲ್ಲುತ್ತಾರೆ. ಮೇಜಿನ ಮೇಲೆ ಟೈಪಾದ ಮೆಮೊ ಇತ್ತು.

“ಕುಂದ್ರು. ಎಷ್ಟು ವರ್ಷ ಆತು ಇಪ್ಪತ್ತು ಬರಿಯಾಕತ್ತು?”

“ಕೊರೊನಾದಿಂದ ಪೂರ್ತಿ, ಮೇಡಂ. ಅದಕ್ಕೂ ಮೊದಲ ಆಗಾಗ.”

ಸುಚಿತ್ರಾ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

“ನಾ ಹದಿನೆಂಟು ಬರೀತಿದ್ದೆ,” ಎಂದರು.

ಮೈಲವ್ವ ತಲೆಯೆತ್ತಿದಳು.

“ಹಂಗ ನೋಡಬ್ಯಾಡ. ವಾರ್ಡಿನ್ಯಾಗ ನಾನೂ ಹದಿನಾರು ವರ್ಷ ನಿಂತೇನಿ. ಇನ್ನೊಬ್ಬ ನರ್ಸ್ ಬೇಕಂತ ನಾಕು ಸಲ ಬರದು ಕೊಟ್ಟೆ. ನರ್ಸ್ ಬರಲಿಲ್ಲ, ಆ್ಯಪ್ ಬಂತು.” ಮೆಮೊ ಇತ್ತ ಸರಿಸಿದರು. “ಇದು ಕೊಡಬೇಕಾಗತೈತಿ. ಬರದದ್ದು ತಪ್ಪು. ತಗೋ. ಸಹಿ ಮಾಡು.”

ಮೈಲವ್ವ ಸಹಿ ಮಾಡಿದಳು. ಆಮೇಲೆ ಬ್ಯಾಗಿನಿಂದ ಒಂದು ಮಡಚಿದ ಕಾಗದ ತೆಗೆದಳು. ಬೆಳಗ್ಗೆ ಗಾಡಿಯಲ್ಲಿ ಬರೆದದ್ದು.

“ಏನಿದು, ರಾಜೀನಾಮೆ? ಬೀಜದ ಕಂಪನಿ ಸುದ್ದಿ ನನಗೂ ಬಂದೈತಿ.”

“ಅಲ್ರಿ, ಮೇಡಂ. ಲೆಕ್ಕ. ಹದಿನೆಂಟು ಬೆಡ್ಡು. ಒಬ್ಬೊಬ್ಬರಿಗೆ ಒಂದು ನಿಮಿಷ ಉಸಿರು, ಹದಿನೆಂಟು ನಿಮಿಷ. ಬರಿಯಾಕ, ಮುಂದಿನ ಬೆಡ್ಡಿಗೆ ಹೋಗಾಕ ಇಪ್ಪತ್ತು ಸೆಕೆಂಡು, ಆರು ನಿಮಿಷ. ಒಟ್ಟ ಇಪ್ಪತ್ನಾಕು. ನಾಡಿಗೆ ಕ್ಲಿಪ್ ಸಾಕು. ಇಪ್ಪತ್ನಾಕು ನಿಮಿಷ ನನ್ನ ಯಾರೂ ಕರೀಬಾರ್ದು. ಫೋನ್ ಎತ್ತಾಕ, ಗಂಟಿ ನೋಡಾಕ ಒಬ್ಬರು ಬೇಕು. ಅಷ್ಟ.”

“ಆ ಒಬ್ಬರನ್ನ ಎಲ್ಲಿಂದ ತರ್ಲಿ?”

ಸುಚಿತ್ರಾ ಮೇಡಂ ಕಾಗದವನ್ನು ಇನ್ನೊಮ್ಮೆ ಓದಿದರು. ಪೆನ್ನು ತೆಗೆದು ಗುಣಾಕಾರ ಸರಿಯಿದೆಯೇ ಎಂದು ನೋಡಿದರು. ಸರಿಯಿತ್ತು.

“ಎಂಟೂವರೆಗೆ ನಾ ಬಂದು ಕುಂದರ್ತೇನಿ,” ಎಂದರು. “ಫೋನ್ ಎತ್ತಾಕ ನನಗ ಬರತೈತಿ.”

ಹೊಳಿಯಪ್ಪನಿಗೆ ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡಿನ ಪ್ಲಾಸ್ಟಿಕ್ ಯಂತ್ರ ಕೊಟ್ಟಿದ್ದರು. ಕೊಳವೆ ಬಾಯಲ್ಲಿಟ್ಟು ಉಸಿರು ಎಳೆದರೆ ಚೆಂಡು ಒಂದೊಂದಾಗಿ ಮೇಲೇಳಬೇಕು. ಶನಿವಾರ ಅವನ ಉಸಿರಿಗೆ ಒಂದು ಚೆಂಡು ಅಲ್ಲಾಡಿತು, ಏಳಲಿಲ್ಲ.

“ಮೂವತ್ತೈದು ವರ್ಷ ಚೀಲ ಎತ್ತೇನಿ,” ಎಂದ ಅವನು ಅವಮಾನದಿಂದ. “ಈ ಗುಂಡು ಏಳವಲ್ದು ನೋಡ್ರಿ.”

“ಚೀಲ ಬೆನ್ನಿಲೆ ಎತ್ತಿದ್ದಿ. ಇದು ಒಳಗಿನಿಂದ ಎತ್ತೂದು,” ಎಂದಳು ತರನ್ನುಮ. ಅವಳು ಮೈಲವ್ವನೊಡನೆ ಎರಡು ದಿನದಿಂದ ಮಾತು ಬಿಟ್ಟಿದ್ದಳು. ಆದರೆ ಮೈಲವ್ವ ಎಣಿಸಿ ಮುಗಿಸಿದ ಹಾಸಿಗೆಗಳ ಬಳಿ ಯಾರೂ ಕಾಣದಾಗ ನಿಂತು, ಅದೇ ಕೈ ಹಿಡಿದು, ತಾನೂ ಎಣಿಸಿ ನೋಡುತ್ತಿದ್ದುದನ್ನು ಮೈಲವ್ವ ಕಂಡಿದ್ದಳು.

ಭರಮವ್ವ ಗಂಡನ ಕೈಯಿಂದ ಯಂತ್ರ ಕಸಿದು, ಒಮ್ಮೆ ಎಳೆದು ಎರಡು ಚೆಂಡು ಎಬ್ಬಿಸಿ ತೋರಿಸಿದಳು. ವಾರ್ಡೆಲ್ಲ ನಕ್ಕಿತು. ಹೊಳಿಯಪ್ಪನೂ ನಕ್ಕು, ಕೆಮ್ಮಿ, ಕಫ ಉಗುಳಿ, ಆಮೇಲೆ ಒಂದು ಚೆಂಡು ಎಬ್ಬಿಸಿದ.

ಭಾನುವಾರ ರಜೆ. ಮೈಲವ್ವ ಅಂಗಳದ ಕಟ್ಟೆಯ ಮೇಲೆ ಕುಳಿತು ಆ್ಯಪ್ ಹಚ್ಚಿಕೊಂಡಳು, ಈ ಸಲ ತಾನಾಗಿ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡಿದ್ದಳು. ಆ ಹೆಣ್ಣುಮಗಳು ಹರಿಯುವ ನೀರು, ತಂಪು ಗಾಳಿ ಎಂದೇನೇನೋ ಹೇಳಿದಳು. ಅದನ್ನೆಲ್ಲ ಬಿಟ್ಟು ಬರೀ ಎಣಿಸಿದಳು. ಇಪ್ಪತ್ತೊಂದು. ಗುರುವಾರಕ್ಕಿಂತ ಐದು ಕಡಿಮೆ. ದಣಿವೇನೂ ಹೋಗಿರಲಿಲ್ಲ, ಕಾಲು ಹಾಗೇ ನೋಯುತ್ತಿತ್ತು. ಆದರೆ ಒಲೆಯ ಮೇಲಿನ ಕುಕ್ಕರು ಮೂರು ಸೀಟಿ ಹಾಕಿದ್ದು ಅವಳಿಗೆ ಗೊತ್ತಾಗಿತ್ತು.

ಪುಂಡಲೀಕ ಚಹಾ ತಂದಿಟ್ಟ. “ನಾಳೆ ಸೋಮವಾರ. ಬೀಜದ ಕಂಪನಿ ಅಂವಂಗ ಏನ್ ಹೇಳ್ಲಿ?”

“ನಾಳೆ ಹೇಳ್ತೇನ್ರಿ.”

“ಅಲ್ಲಿ ಆರಾಮ ಐತಿ, ಮೈಲಾ. ನೀ ಎಣಿಸೂದು ಛಲೋ ಎಣಸ್ತಿ. ಬೀಜ ಆದ್ರೇನು, ಉಸಿರಾದ್ರೇನು?”

ಅವಳು ಅವನನ್ನು ನೋಡಿದಳು. ಒಳ್ಳೆಯದಕ್ಕೇ ಹೇಳಿದ್ದ. ಚಹಾ ಕುಡಿದಳು.

ಸೋಮವಾರ ಎಂಟೂವರೆಗೆ ಸುಚಿತ್ರಾ ಮೇಡಂ ವಾರ್ಡಿಗೆ ಬಂದು ಫೋನಿನ ಮುಂದೆ ಕುಳಿತರು. ಮೈಲವ್ವ ಒಂದನೇ ಬೆಡ್ಡಿನಿಂದ ಶುರುಮಾಡಿದಳು. ಜೇಬಿನಲ್ಲಿ ಸಣ್ಣ ನೋಟುಬುಕ್ಕು. ಹೊಳಿಯಪ್ಪನ ಮಣಿಕಟ್ಟು ಹಿಡಿದು ಅರ್ಧ ನಿಮಿಷವಾಗಿತ್ತು, ಮೊಬೈಲು ಗುರ್ರೆಂದಿತು. ಪುಂಡಲೀಕನೇ ಇರಬೇಕು, ಬೀಜದ ಕಂಪನಿಯವನು ಉತ್ತರ ಕೇಳಿರಬೇಕು. ಕೈ ಬಿಟ್ಟರೆ ಎಣಿಕೆ ತಪ್ಪುತ್ತದೆ. ಅವಳು ಬಿಡಲಿಲ್ಲ. ಮೊಬೈಲು ಗುರುಗುಟ್ಟಿ ಗುರುಗುಟ್ಟಿ ಸುಮ್ಮನಾಯಿತು. ಇಪ್ಪತ್ತೆರಡು.

ಭರಮವ್ವ ನೋಡುತ್ತಲೇ ಇದ್ದಳು. “ಸಿಸ್ಟರ್, ಕ್ಲಿಪ್ ಹಚ್ಚಿದ ಮ್ಯಾಲೂ ಅಷ್ಟೊತ್ತು ಕೈ ಹಿಡಕೊಂಡು ಏನ್ ನೋಡ್ತೀರಿ ದಿನಾ?”

“ನಾಡಿ ನೋಡ್ತೇನವ್ವ.”

“ನಿಮ್ಮಂಗ ಯಾರೂ ನೋಡೂದಿಲ್ರಿ. ಈತ ನಿಮ್ಮ ದಾರಿನ ಕಾಯ್ತಾನ. ಸಿಸ್ಟರ್ ಕೈ ಹಿಡದ್ರ ದಮ್ಮು ತನ್ನಷ್ಟಕ್ಕ ಇಳೀತೈತಿ ಅಂತಾನ.”

“ಸುಳ್ಳ ಹೇಳ್ತಾಳ್ರಿ,” ಎಂದ ಹೊಳಿಯಪ್ಪ, ನಾಚಿ ಅತ್ತ ತಿರುಗಿ.

ಹದಿನೆಂಟನೇ ಬೆಡ್ಡು ಮುಗಿದಾಗ ಗಡಿಯಾರದಲ್ಲಿ ಎಂಟು ಐವತ್ತೇಳು. ಲೆಕ್ಕಕ್ಕಿಂತ ಮೂರು ನಿಮಿಷ ಹೆಚ್ಚಾಗಿತ್ತು. ಮಾತಿಗೆ ಲೆಕ್ಕದಲ್ಲಿ ಜಾಗ ಬಿಟ್ಟಿರಲಿಲ್ಲ. ಮೈಲವ್ವ ವರಾಂಡಕ್ಕೆ ಬಂದು ಪುಂಡಲೀಕನಿಗೆ ಫೋನ್ ಮಾಡಿದಳು.

“ಒಲ್ಲೆ ಅಂತ ಹೇಳ್ರಿ ಅವರಿಗೆ.”

“ಖರೇನ?”

“ಖರೇ. ಅವು ನಾ ಎಣಿಸಿದ್ರೂ ಮೊಳೀತಾವ, ಎಣಿಸ್ದಿದ್ರೂ ಮೊಳೀತಾವ್ರಿ. ಇಡ್ರಿ ಈಗ, ಚಾರ್ಟ್ ಬರೀಬೇಕು.”

ಸುಚಿತ್ರಾ ಮೇಡಂ ಎದ್ದು ಖುರ್ಚಿ ಬಿಟ್ಟುಕೊಟ್ಟರು. ಮೈಲವ್ವ ನೋಟುಬುಕ್ಕು ತೆರೆದು ಒಂದೊಂದೇ ಅಂಕಿಯನ್ನು ಚಾರ್ಟಿಗೆ ಇಳಿಸತೊಡಗಿದಳು. ಹದಿನಾರು, ಹದಿನೆಂಟು, ಇಪ್ಪತ್ನಾಲ್ಕು, ಹದಿನೈದು. ಹದಿನಾಲ್ಕನೇ ಬೆಡ್ಡಿಗೆ ಬಂದಾಗ ಪೆನ್ನು ನಿಂತಿತು. ನೋಟುಬುಕ್ಕಿನಲ್ಲಿ ಅಲ್ಲಿನ ಅಜ್ಜಿ ಫಕ್ಕೀರವ್ವನ ಮುಂದೆ ಇಪ್ಪತ್ತು ಎಂದಿತ್ತು. ಅವಳೇ ಎಣಿಸಿ ಬರೆದದ್ದು. ಆದರೂ ಆ ಅಂಕಿಯನ್ನು ನೋಡಿ ಅವಳಿಗೆ ನಂಬಿಕೆ ಬರಲಿಲ್ಲ.

ಎದ್ದು ಹೋಗಿ ಅಜ್ಜಿಯ ಕೈ ಹಿಡಿದಳು. ಆ ಕಡೆಯ ಹಾಸಿಗೆಗೆ ಬಟ್ಟೆ ಹಾಸುತ್ತಿದ್ದ ತರನ್ನುಮ ತಿರುಗಿ ನೋಡಿ, ತಾನೂ ಬಂದು ಪಕ್ಕದಲ್ಲಿ ನಿಂತು, ತನ್ನ ಗಡಿಯಾರ ಎತ್ತಿ ಹಿಡಿದಳು.

“ಮತ್ತ ನಾಡಿ ಏನವ್ವ?” ಎಂದಳು ಫಕ್ಕೀರವ್ವ.

“ಹೌದ ಅಜ್ಜಿ. ನಾಡಿ.”

ಅಜ್ಜಿ ಕಣ್ಣು ಮುಚ್ಚಿದಳು. ಹೊದಿಕೆ ಏರಿತು, ಇಳಿಯಿತು. ಮುಳ್ಳು ಒಂದು ಸುತ್ತು ಬಂತು. ತರನ್ನುಮ ಎರಡು ಬೆರಳು ತೋರಿಸಿ, ಮುಷ್ಟಿ ಮಡಚಿದಳು: ಎರಡು, ಸೊನ್ನೆ. ಮೈಲವ್ವನ ಎಣಿಕೆಯಲ್ಲೂ ಅಷ್ಟೇ ಬಂದಿತ್ತು.

ಮೈಲವ್ವ ಮೇಜಿಗೆ ಮರಳಿ ಇಪ್ಪತ್ತು ಎಂದು ಬರೆದಳು.